ಆನ್‌ಲೈನ್ ಕಲಿಕೆ: ಅರ್ಧ ದಾರಿಯಲ್ಲಿ ಕೈಬಿಡುವುದೇಕೆ?

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರಿನಂಥ ಊರುಗಳ ಪದವಿ ವಿದ್ಯಾರ್ಥಿಗಳಿಗೆ ಆನ್‌ಲೈನ್ ಕೋರ್ಸ್ ಈಗ ಹೊಸ ಮಾತೇನಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ಶುರುವಾದದ್ದು 2017ರ ಜುಲೈನಲ್ಲಿ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಅದಕ್ಕಿಂತ ಹಳೆಯದು. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕವೇ ಓದಬಹುದು ಎಂದು ಯುಜಿಸಿ 2021ರಲ್ಲಿ ನಿಯಮ ಮಾಡಿತು. ಸೇರಲು ಶುಲ್ಕವಿಲ್ಲ, ಪಾಠ ಹೇಳುವವರು ದೇಶದ ಹೆಸರಾಂತ ಪ್ರಾಧ್ಯಾಪಕರು. ಬಾಣಾವರದಲ್ಲೋ ಜಾವಗಲ್‌ನಲ್ಲೋ ಕೂತ ಹುಡುಗಿಯೊಬ್ಬಳಿಗೆ ಮದ್ರಾಸ್ ಐಐಟಿಯ ತರಗತಿ ಅಂಗೈಯಲ್ಲೇ ಸಿಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಯಾರೂ ಊಹಿಸಿರದ ಭಾಗ್ಯವಿದು.

ಆದರೂ ಸೇರುವವರಲ್ಲಿ ಹೆಚ್ಚಿನವರು ಮುಗಿಸುವುದಿಲ್ಲ. ಮೊದಲ ವಾರದ ವಿಡಿಯೊಗಳನ್ನು ಆಸೆಯಿಂದ ನೋಡುತ್ತಾರೆ, ಎರಡನೇ ವಾರ ಅರ್ಧಕ್ಕೆ ನಿಲ್ಲಿಸುತ್ತಾರೆ, ಮೂರನೇ ವಾರ ಲಾಗಿನ್ ಆಗುವುದೇ ಇಲ್ಲ. ವಿದ್ಯಾರ್ಥಿಗಳನ್ನು ಕೇಳಿದರೆ ‘ನೆಟ್‌ವರ್ಕ್ ಇರಲಿಲ್ಲ ಸರ್’ ಎನ್ನುತ್ತಾರೆ. ಅಧ್ಯಾಪಕರನ್ನು ಕೇಳಿದರೆ ‘ಇವರಿಗೆ ಆಸಕ್ತಿ ಎಲ್ಲಿದೆ?’ ಎನ್ನುತ್ತಾರೆ. ಎರಡು ಮಾತಿನಲ್ಲೂ ಸತ್ಯದ ಅಂಶವಿದೆ. ಆದರೆ ಇಬ್ಬರೂ ಅಲ್ಲಿಗೆ ಮಾತು ಮುಗಿಸಿಬಿಡುವುದರಿಂದ ಆ ಎರಡನೇ ವಾರದಲ್ಲಿ ವಿದ್ಯಾರ್ಥಿಯ ಮನಸ್ಸಿನಲ್ಲಿ ನಿಜವಾಗಿ ಏನಾಯಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಸಮಸ್ಯೆ ನಮ್ಮ ಸೀಮೆಯದ್ದು ಮಾತ್ರವಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಜಗತ್ತಿಗೆಲ್ಲ ತೆರೆದಿಟ್ಟ ಆನ್‌ಲೈನ್ ಕೋರ್ಸ್‌ಗಳ ಆರು ವರ್ಷದ ದಾಖಲೆಯನ್ನು ಜಸ್ಟಿನ್ ರೈಶ್ ಮತ್ತು ಹೋಸೆ ರುಯಿಪೆರೆಸ್ ವಾಲಿಯೆಂತೆ ಎಂಬ ಸಂಶೋಧಕರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿಶ್ಲೇಷಿಸಿದರು. 56 ಲಕ್ಷಕ್ಕೂ ಹೆಚ್ಚು ಕಲಿಯುವವರು, 1.26 ಕೋಟಿಗೂ ಹೆಚ್ಚು ನೋಂದಣಿಗಳು. ಹೆಸರು ಬರೆಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾಠದ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸ್ ಪೂರ್ಣಗೊಳಿಸಿದವರ ಪ್ರಮಾಣ ನೂರಕ್ಕೆ ಮೂರರ ಆಸುಪಾಸು. ಅದೇ ವರ್ಷ ಹಣ ಕಟ್ಟಿ, ಪ್ರಮಾಣಪತ್ರ ಬೇಕೇಬೇಕೆಂದು ಸೇರಿದವರಲ್ಲಿ ಮಾತ್ರ ನೂರಕ್ಕೆ 46 ಮಂದಿ ಮುಗಿಸಿದ್ದರು. ಅಂದರೆ, ಪಾಠ ಒಂದೇ, ಪರದೆ ಒಂದೇ ಇದ್ದರೂ ಕೊನೆಯವರೆಗೆ ಹೋಗುವ ಹಟ ಎಲ್ಲರಲ್ಲೂ ಒಂದೇ ಅಲ್ಲ. ‘ಇದು ನಾನು ತೀರ್ಮಾನ ಮಾಡಿ ಸೇರಿದ್ದು’ ಎಂಬ ಭಾವ ಇರುವವರಿಗೂ ‘ಸುಮ್ಮನೆ ಸೇರಿ ನೋಡೋಣ’ ಎಂದವರಿಗೂ ಅಂತರ ದೊಡ್ಡದು. ಹಣ ಕಟ್ಟಲು ಶಕ್ತಿಯಿದ್ದವರಿಗೆ ಬಿಡುವು, ಓದಿನ ಹಿನ್ನೆಲೆ ಎಲ್ಲವೂ ಹೆಚ್ಚಿರಬಹುದು, ನಿಜ. ಆದರೂ ಟವರ್ ಒಂದನ್ನೇ ದೂರಿದರೆ ಈ ಅಂತರ ಅರ್ಥವಾಗುವುದಿಲ್ಲ.

ಪರದೆಯ ಮುಂದೆ ಕೂರಿಸುವುದಕ್ಕೂ ಕಲಿಕೆಯಲ್ಲಿ ಉಳಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಕೋವಿಡ್ ಕಾಲ ನಮ್ಮ ಜಿಲ್ಲೆಗಳಿಗೆ ಕಣ್ಣಾರೆ ತೋರಿಸಿತು. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ಶೇ 89.33 ಪಡೆದು ಇಡೀ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು. ಅಂಥ ಜಿಲ್ಲೆಯಲ್ಲೂ ಮರುವರ್ಷದ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ‘ಸಂವೇದ’ ಪಾಠಗಳು ಬಂದವು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ತಾಯಿಯೊಬ್ಬರು ಮಕ್ಕಳು ಈ ಪಾಠ ನೋಡಲೆಂದು ಮಾಂಗಲ್ಯ ಅಡವಿಟ್ಟು ಟಿವಿ ತಂದ ಸುದ್ದಿ ನಾಡಿನ ಮನ ಕಲಕಿತು. ಮರುವರ್ಷ ಸುಳ್ಯ ತಾಲ್ಲೂಕಿನ ಮಳೆಯಲ್ಲಿ, ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಎಲ್ಲರೂ ನೋಡಿದೆವು. ಇಂಥ ತಂದೆ ತಾಯಿ ಇರುವ ನಾಡಿನಲ್ಲಿ ಓದಿನ ಆಸೆಗೆ ಬರವಿದೆ ಎಂದು ಯಾರೂ ಹೇಳಬಾರದು.

ಆದರೆ ಟಿವಿ ಪಾಠದಲ್ಲಿ ಕೈ ಎತ್ತಿ ಕೇಳುವ ಅವಕಾಶವಿರಲಿಲ್ಲ. ಅದನ್ನು ಅರಿತೇ 2020ರ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಆರಂಭಿಸಿತು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳು ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತ ಕಾರ್ಯಕ್ರಮ 2021ರ ಜನವರಿ 1ರಿಂದ ಮತ್ತೆ ನಡೆಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ 2021ರಲ್ಲಿ ಕೊಟ್ಟ ವರದಿ ಗಾಬರಿ ಹುಟ್ಟಿಸುವಂತಿತ್ತು: ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಶೇ 92ರಷ್ಟು ಮಕ್ಕಳೂ ಗಣಿತದ ಕನಿಷ್ಠ ಒಂದು ಸಾಮರ್ಥ್ಯವನ್ನು ಶೇ 82ರಷ್ಟು ಮಕ್ಕಳೂ ಕಳೆದುಕೊಂಡಿದ್ದರು. ಫೋನು, ಟಿವಿ ಇಲ್ಲದ್ದು ಒಂದು ಕಾರಣ. ‘ನಿನಗೆ ಅರ್ಥವಾಯಿತಾ?’ ಎಂದು ಮುಖ ನೋಡಿ ಕೇಳುವವರು ಇಲ್ಲದ್ದು ಅಷ್ಟೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಆ ಮುಖ ನೋಡುವ ಕೆಲಸ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಳ್ಳೆಯ ವಿವರಣೆಯಿದೆ. ಜರ್ಮನಿಯ ರೈನ್‌ಹಾರ್ಡ್ ಪೆಕ್ರುನ್ ಕಲಿಕೆಯ ಭಾವನೆಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. 2006ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಸಾರ ಸರಳ: ಓದುವಾಗ ನಮ್ಮ ಮನಸ್ಸು ಎರಡು ಪ್ರಶ್ನೆಗಳನ್ನು ಒಳಗೊಳಗೇ ಕೇಳುತ್ತಿರುತ್ತದೆ. ಇದು ನನ್ನ ಕೈಲಾಗುತ್ತದೆಯೇ? ಇದರಿಂದ ನನಗೆ ಏನಾದರೂ ಪ್ರಯೋಜನವಿದೆಯೇ? ಎರಡಕ್ಕೂ ‘ಹೌದು’ ಎಂದಾದರೆ ಓದು ಹಿತವಾಗುತ್ತದೆ. ಪ್ರಯೋಜನವೇನೋ ಇದೆ, ಆದರೆ ಕೈಲಾಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಆತಂಕ. ಖಂಡಿತ ಕೈಲಾಗದು ಎಂದು ಗಟ್ಟಿಯಾದರೆ ಹತಾಶೆ. ಪ್ರಯೋಜನವೇ ಕಾಣದಿದ್ದರೆ ಬೇಜಾರು. ಹೊರಗಿನಿಂದ ನೋಡುವವರಿಗೆ ಆತಂಕ, ಹತಾಶೆ, ಬೇಜಾರು ಮೂರೂ ಒಂದೇ ರೀತಿ ಕಾಣುತ್ತವೆ. ಮೂವರು ವಿದ್ಯಾರ್ಥಿಗಳೂ ಲಾಗಿನ್ ಆಗುವುದಿಲ್ಲ, ಮೂವರನ್ನೂ ನಾವು ‘ಸೋಮಾರಿ’ ಎನ್ನುತ್ತೇವೆ. ಆದರೆ ಮೂವರಿಗೂ ಬೇಕಾದ ಮದ್ದು ಬೇರೆ ಬೇರೆ. ಮೊದಲನೆಯವನಿಗೆ ಧೈರ್ಯ ಬೇಕು, ಎರಡನೆಯವನಿಗೆ ಕೆಳಗಿನ ಮೆಟ್ಟಿಲಿನಿಂದ ಪಾಠ ಬೇಕು, ಮೂರನೆಯವನಿಗೆ ಬೇರೆ ಕೋರ್ಸೇ ಬೇಕು.

ಹಳೇಬೀಡಿನ ಹತ್ತಿರದ ಹಳ್ಳಿಯ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಕೋರ್ಸ್‌ಗೆ ಸೇರಿದ್ದಾಳೆ ಎಂದುಕೊಳ್ಳೋಣ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಊಟ ಮುಗಿದು, ಪಾತ್ರೆ ತೊಳೆದು, ರಾತ್ರಿ ಹತ್ತಕ್ಕೆ ಅಣ್ಣನ ಫೋನ್ ಕೈಗೆ ಬಂದಿದೆ. ಎರಡನೇ ವಾರದ ಮೂರನೇ ವಿಡಿಯೊ. ಏಳನೇ ನಿಮಿಷದಲ್ಲಿ ಪ್ರಾಧ್ಯಾಪಕರು ‘ಲೂಪ್’ ಬಗ್ಗೆ ಹೇಳಿ ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ. ಅವಳಿಗೆ ತಲೆಗೆ ಹತ್ತಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ನೋಡುತ್ತಾಳೆ. ಇಂಗ್ಲಿಷಿನ ಓಟ ಅದೇ, ಎಡವಿದ ಜಾಗವೂ ಅದೇ. ಮೂರನೇ ಸಲಕ್ಕೆ ‘ಡೇಟಾ ಶೇ 90 ಮುಗಿದಿದೆ’ ಎಂಬ ಸಂದೇಶ. ಪ್ರಶ್ನೆ ಕೇಳಲು ಜಾಗವಿದೆ, ಆದರೆ ಅಲ್ಲಿ ಎಲ್ಲರೂ ಬರೆದಿರುವುದು ಚೊಕ್ಕ ಇಂಗ್ಲಿಷಿನಲ್ಲಿ. ಇಷ್ಟು ಸಣ್ಣದನ್ನು ಕೇಳಿದರೆ ಯಾರು ಏನೆಂದುಕೊಂಡಾರೋ ಎಂಬ ಸಂಕೋಚ. ಫೋನ್ ಪಕ್ಕಕ್ಕಿಟ್ಟು ‘ನಾಳೆ ನೋಡೋಣ’ ಎನ್ನುತ್ತಾಳೆ. ಹತ್ತು ದಿನದ ನಂತರ ಯಾರಾದರೂ ಕೇಳಿದರೆ ಅವಳ ಬಾಯಲ್ಲಿ ಬರುವುದು ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಮಾತೇ. ಸಂಕೋಚವನ್ನು ಕಾರಣವಾಗಿ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಗಮನಿಸಬೇಕಾದ್ದೇನೆಂದರೆ, ಅವಳಿಗೆ ಗೊಂದಲವಾದದ್ದು ಕೆಟ್ಟ ಲಕ್ಷಣವಲ್ಲ. ಸಿಡ್ನಿ ಡಿಮೆಲ್ಲೊ ಮತ್ತು ಆರ್ಥರ್ ಗ್ರೇಸರ್ ಎಂಬ ಸಂಶೋಧಕರು 2012ರಲ್ಲಿ ಕಷ್ಟದ ಪಾಠ ಕಲಿಯುವವರ ಭಾವನೆಗಳು ಗಳಿಗೆ ಗಳಿಗೆಗೂ ಹೇಗೆ ಬದಲಾಗುತ್ತವೆ ಎಂಬುದನ್ನು ವಿವರಿಸಿದರು. ಪಾಠದಲ್ಲಿ ಮುಳುಗಿದವನಿಗೆ ಎಲ್ಲೋ ಒಂದು ಕಡೆ ಗೊಂದಲವಾಗುತ್ತದೆ. ಆ ಗಂಟು ಬಿಡಿಸಿಕೊಂಡರೆ ಮತ್ತೆ ಪಾಠದಲ್ಲಿ ಮುಳುಗುತ್ತಾನೆ, ಹಾಗೆ ಕಲಿತದ್ದು ಗಟ್ಟಿಯಾಗಿಯೂ ನಿಲ್ಲುತ್ತದೆ. ಗಂಟು ಬಿಚ್ಚದೆ ಉಳಿದರೆ ಗೊಂದಲ ಹೋಗಿ ಕಿರಿಕಿರಿ ಬರುತ್ತದೆ, ಕಿರಿಕಿರಿ ಬೇಜಾರಾಗುತ್ತದೆ. ಬೇಜಾರಿನಿಂದ ಹಿಂದಕ್ಕೆ ಬರುವುದು ಕಷ್ಟ. ತರಗತಿಯಲ್ಲಿ ಒಳ್ಳೆಯ ಮೇಷ್ಟ್ರು ಗೊಂದಲ ಬೇಜಾರಾಗುವ ಮೊದಲೇ ಮುಖ ನೋಡಿ ಹಿಡಿಯುತ್ತಾರೆ. ಹುಬ್ಬು ಗಂಟಿಕ್ಕಿದವನನ್ನು ಕಂಡು ‘ಇನ್ನೊಂದು ಸಲ ಹೇಳ್ತೀನಿ’ ಎನ್ನುತ್ತಾರೆ. ರೆಕಾರ್ಡ್ ಮಾಡಿದ ವಿಡಿಯೊಗೆ ಆ ಕಣ್ಣಿಲ್ಲ. ಹಾಗಾಗಿ ಆನ್‌ಲೈನ್ ಪಾಠದಲ್ಲಿ ಎಡವಿದ ಆ ಒಂದು ಗಂಟೆಯೊಳಗೋ ಒಂದು ದಿನದೊಳಗೋ ಯಾರಾದರೂ ಸಿಗುವುದು ಮುಖ್ಯ. ಹದಿನೈದು ದಿನದ ನಂತರ ಎಷ್ಟು ದೊಡ್ಡ ವಿದ್ವಾಂಸರು ಬಂದರೂ ತಡವಾಗಿರುತ್ತದೆ.

ಇನ್ನು ಆಯ್ಕೆಯ ವಿಷಯ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಲವತ್ತು ವರ್ಷಗಳಿಂದ ಒಂದು ಮಾತನ್ನು ಒತ್ತಿ ಹೇಳುತ್ತಾ ಬಂದಿದ್ದಾರೆ. ಮನುಷ್ಯ ಒಂದು ಕೆಲಸದಲ್ಲಿ ಒಳಗಿನ ಉತ್ಸಾಹದಿಂದ ನಿಲ್ಲಬೇಕಾದರೆ ಮೂರು ಬೇಕು: ಇದು ನನ್ನ ತೀರ್ಮಾನ ಎಂಬ ಭಾವ, ಇದು ನನಗೆ ಬರುತ್ತದೆ ಎಂಬ ನಂಬಿಕೆ, ನನ್ನವರು ಎನಿಸುವ ಜನರ ಜೊತೆ. ಇಡೀ ತರಗತಿಗೆ ಒಂದೇ ಕೋರ್ಸನ್ನು ಮೇಲಿನಿಂದ ಗೊತ್ತುಮಾಡಿ, ‘ಸಂಜೆಯೊಳಗೆ ಎಲ್ಲರೂ ನೋಂದಣಿ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ’ ಎಂದರೆ ಮೊದಲನೆಯದು ಆರಂಭದಲ್ಲೇ ಹೋಯಿತು. ಸ್ಕ್ರೀನ್‌ಶಾಟ್ ಕಳಿಸಿದ ಕ್ಷಣಕ್ಕೇ ವಿದ್ಯಾರ್ಥಿಯ ಪಾಲಿಗೆ ಆ ಕೆಲಸ ಮುಗಿದಿರುತ್ತದೆ. ಅವನು ಎರಡನೇ ವಾರ ಬಿಟ್ಟುಹೋದನೆಂದು ನಾವು ಲೆಕ್ಕ ಹಾಕುತ್ತೇವೆ, ಆದರೆ ಅವನು ಮನಸ್ಸಿನಿಂದ ಸೇರಿಯೇ ಇರಲಿಲ್ಲ.

ಹಾಗೆಂದು ‘ನಿಮಗೆ ಬೇಕಾದ್ದು ಆರಿಸಿಕೊಳ್ಳಿ’ ಎಂದು ಸ್ವಯಂನ ಉದ್ದನೆಯ ಪಟ್ಟಿಯನ್ನು ಮುಂದಿಟ್ಟು ಸುಮ್ಮನಾದರೂ ಕೆಲಸ ಕೆಡುತ್ತದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲಿನ ಒಂದು ಪ್ರಯೋಗವಿದೆ. ಹೆಚ್ಚುವರಿ ಅಂಕಕ್ಕಾಗಿ ಬಯಸಿದವರು ಒಂದು ಪ್ರಬಂಧ ಬರೆಯಬಹುದು. ಕೆಲವರಿಗೆ ಆರು ವಿಷಯಗಳ ಪಟ್ಟಿ, ಉಳಿದವರಿಗೆ ಮೂವತ್ತು. ಆರು ವಿಷಯ ಸಿಕ್ಕವರಲ್ಲಿ ಶೇ 74 ಮಂದಿ ಬರೆದುಕೊಟ್ಟರು, ಮೂವತ್ತು ಸಿಕ್ಕವರಲ್ಲಿ ಶೇ 60 ಮಂದಿ ಮಾತ್ರ. ಆದರೆ ಆಯ್ಕೆಯೇ ಬೇಡವೆಂದಲ್ಲ: ಎರಿಕಾ ಪಟಾಲ್ ಮತ್ತು ಸಂಗಡಿಗರು 2008ರಲ್ಲಿ ಆಯ್ಕೆಯ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಯ್ಕೆ ಕೊಟ್ಟರೆ ಒಳಗಿನ ಆಸಕ್ತಿಯೂ ಪ್ರಯತ್ನವೂ ಹೆಚ್ಚುತ್ತವೆ ಎಂಬುದು ಸ್ಪಷ್ಟವಾಯಿತು. ಆಯ್ಕೆ ಇರಬೇಕು, ಅದು ಕೈಯಳತೆಯಲ್ಲಿರಬೇಕು. ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಗೆ ನೂರಾರು ಕೋರ್ಸ್‌ಗಳ ಹೆಸರಿನಲ್ಲಿ ಯಾವುದು ತನಗೆ ಕೆಲಸ ಕೊಡಿಸುತ್ತದೆ, ಯಾವುದಕ್ಕೆ ತನ್ನ ಗಣಿತ ಸಾಕು ಎಂದು ಹೇಳಿಕೊಡಲು ಮನೆಯಲ್ಲಿ ಯಾರಿದ್ದಾರೆ? ಅಲ್ಲಿ ತಪ್ಪು ಆರಿಸಿಕೊಂಡವನು ಎರಡು ವಾರದಲ್ಲಿ ಸೋತು, ಆ ಸೋಲನ್ನು ತನ್ನ ಬುದ್ಧಿಯ ತಲೆಗೆ ಕಟ್ಟುತ್ತಾನೆ. ಮುಂದಿನ ಸಲ ಸೇರುವ ಧೈರ್ಯವೂ ಹೋಗುತ್ತದೆ.

ಕಟ್ಟುಪಾಡು ಮತ್ತು ಸ್ವಾತಂತ್ರ್ಯ ಎರಡೂ ಒಟ್ಟಿಗೆ ಹೇಗಿರಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂಬತ್ತು ಶತಮಾನದ ಹಳೆಯ ನಿದರ್ಶನವಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ನಕ್ಷತ್ರಾಕಾರದ ಜಗತಿ, ಪಟ್ಟಿಕೆಗಳ ಸಾಲು, ಕಂಬಗಳ ಸ್ಥಾನ ಎಲ್ಲವೂ ಮೊದಲೇ ನಿಗದಿಯಾದ ವಿನ್ಯಾಸ. ಅದನ್ನು ಯಾವ ಶಿಲ್ಪಿಯೂ ಬದಲಿಸುವಂತಿರಲಿಲ್ಲ. ಆದರೆ ತನ್ನ ಪಾಲಿಗೆ ಬಂದ ಕಲ್ಲಿನಲ್ಲಿ ಮದನಿಕೆಯ ಭಂಗಿ, ಆಭರಣ, ಮುಖಭಾವ ಶಿಲ್ಪಿಯ ಕೈಗೆ ಸೇರಿದ್ದು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಆ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಚೌಕಟ್ಟು ಗಟ್ಟಿಯಾಗಿದ್ದು, ಅದರೊಳಗೆ ತನ್ನದೆನ್ನುವ ಜಾಗ ಸಿಕ್ಕಾಗ ಮನುಷ್ಯ ಕೆಲಸ ಮುಗಿಸುವುದಷ್ಟೇ ಅಲ್ಲ, ಅದಕ್ಕೆ ಹೆಸರನ್ನೂ ಹಾಕುತ್ತಾನೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಗುಡಿಗಳ ನೆರಳಲ್ಲಿ ಬೆಳೆದ ಮಕ್ಕಳ ಕೋರ್ಸನ್ನು ರೂಪಿಸುವಾಗ ಈ ವಿವೇಕ ನಮಗಿರಬೇಕು.

ಎನ್‌ಪಿಟಿಇಎಲ್‌ನ ನಿಯಮಗಳಲ್ಲಿ ಇಂಥ ಒಂದು ವಿವೇಕ ಈಗಾಗಲೇ ಇದೆ, ವಿದ್ಯಾರ್ಥಿಗಳಿಗೆ ಅದನ್ನು ಬಿಡಿಸಿ ಹೇಳುವವರು ಕಡಿಮೆ. ಹನ್ನೆರಡು ವಾರದ ಕೋರ್ಸ್‌ನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ಅಂತಿಮ ಅಂಕಕ್ಕೆ ಲೆಕ್ಕವಾಗುವುದು ಹನ್ನೆರಡರಲ್ಲಿ ಅತ್ಯುತ್ತಮವಾದ ಎಂಟು ಮಾತ್ರ. ಎಂಟು ವಾರದ ಕೋರ್ಸಾದರೆ ಎಂಟರಲ್ಲಿ ಆರು. ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30 ಬಂದರೆ ಸಾಕು. ಪಾಠ ಪೂರ್ತಿ ಉಚಿತ. ಪರೀಕ್ಷೆ ಬರೆಯಬೇಕೇ ಎಂಬುದನ್ನು ಕೋರ್ಸ್ ಶುರುವಾಗಿ ಕೆಲವು ವಾರ ಕಳೆದ ಮೇಲೆ ತೀರ್ಮಾನಿಸಬಹುದು. ಅಂದರೆ ಮನೆಯಲ್ಲಿ ಮದುವೆ ಬಂತು, ಜ್ವರ ಬಂತು, ಎರಡು ವಾರ ತಪ್ಪಿತು ಎಂದಾದರೂ ದಾರಿ ಮುಚ್ಚುವುದಿಲ್ಲ. ಈ ಒಂದು ನಿಯಮವನ್ನು ಮೊದಲ ದಿನವೇ ಕನ್ನಡದಲ್ಲಿ ಹೇಳಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ! ಒಂದು ವಾರ ತಪ್ಪಿದ ವಿದ್ಯಾರ್ಥಿ ‘ಇನ್ನು ಮುಗೀತು’ ಎಂದು ತಾನೇ ತೀರ್ಪು ಕೊಟ್ಟುಕೊಂಡು ಹೊರನಡೆಯುತ್ತಾನೆ. ಅವನನ್ನು ಹೊರಹಾಕಿದ್ದು ನಿಯಮವಲ್ಲ, ನಿಯಮ ತಿಳಿಯದ ಹತಾಶೆ.

ವಾರ ತಪ್ಪುವುದು ನಮ್ಮ ಸೀಮೆಯಲ್ಲಿ ಆಕಸ್ಮಿಕವೂ ಅಲ್ಲ. ಜನವರಿಯಲ್ಲಿ ಶುರುವಾಗುವ ಕೋರ್ಸ್‌ನ ಮೊದಲ ವಾರಗಳು ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ಕೊಯ್ಲಿನ ವಾರಗಳೂ ಹೌದು. ಅರಾಬಿಕಾ ಮುಗಿಯುತ್ತಿರುತ್ತದೆ, ರೊಬಸ್ಟಾ ಹಣ್ಣಾಗುತ್ತಿರುತ್ತದೆ. ಮನೆಯ ಎಲ್ಲ ಕೈಗಳಿಗೂ ಕೆಲಸ. ಜುಲೈನಲ್ಲಿ ಶುರುವಾದರೆ ಅದೇ ಊರುಗಳಲ್ಲಿ ಮುಂಗಾರಿನ ಅಬ್ಬರ. ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಬಾಯಿ ಮುಚ್ಚುತ್ತದೆ. ಅರಸೀಕೆರೆಯ ಬಯಲು ಸೀಮೆಯಲ್ಲಿ ಮಳೆಯ ಕಾಟ ಕಡಿಮೆ, ಆದರೆ ಕೊಬ್ಬರಿ ಒಡೆದು ಮಾರುಕಟ್ಟೆಗೆ ಹಾಕುವ ದಿನಗಳಲ್ಲಿ ಮನೆಯ ಫೋನ್ ಅಪ್ಪನ ಜೇಬಿನಲ್ಲಿ ಎಪಿಎಂಸಿಗೆ ಹೋಗಿರುತ್ತದೆ. ದಿನಾ ರೈಲು ಹತ್ತಿ ಓದಲು ಹೋಗುವವರಿಗೆ ಮನೆ ಸೇರುವ ಹೊತ್ತಿಗೆ ಕಣ್ಣು ಎಳೆಯುತ್ತದೆ. ಇವು ಮುಂಚಿತವಾಗಿ ಗೊತ್ತಿರುವ ವಿಷಯಗಳು. ಗೊತ್ತಿದ್ದ ಮೇಲೆ, ‘ನಿನ್ನ ಮನೆಯಲ್ಲಿ ಯಾವ ವಾರಗಳು ಕಷ್ಟ? ಆ ನಾಲ್ಕು ಅಸೈನ್‌ಮೆಂಟ್ ಬಿಡು, ಉಳಿದ ಎಂಟು ಹಿಡಿ’ ಎಂದು ಮೊದಲೇ ಕೂತು ಯೋಜನೆ ಮಾಡಿಕೊಡಬಹುದು. ಆಗ ತಪ್ಪಿದ ವಾರ ಸೋಲಾಗುವುದಿಲ್ಲ, ತಾನೇ ಮಾಡಿದ ಆಯ್ಕೆಯಾಗುತ್ತದೆ. ಮನಸ್ಸಿಗೆ ಇವೆರಡರ ಅನುಭವ ಪೂರ್ತಿ ಬೇರೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ‘ಯಾವಾಗ ಬೇಕಾದರೂ ನೋಡಬಹುದು’ ಎಂಬುದನ್ನು ರೆಕಾರ್ಡ್ ಪಾಠದ ದೊಡ್ಡ ಗುಣ ಎಂದು ಎಲ್ಲರೂ ಹೊಗಳುತ್ತಾರೆ. ತನ್ನ ಹೊತ್ತು ತನ್ನ ಕೈಯಲ್ಲಿ ಇರುವವರಿಗೆ ಅದು ನಿಜವಾದ ಸ್ವಾತಂತ್ರ್ಯ. ಸಂಜೆ ಆರರಿಂದ ಒಂಬತ್ತರವರೆಗೆ ಒಲೆಯ ಮುಂದೆ ಇರಬೇಕಾದ ಹುಡುಗಿಗೆ ಅದೇ ಮಾತು ತಿರುಗುಬಾಣವಾಗುತ್ತದೆ. ‘ಯಾವಾಗ ಬೇಕಾದರೂ ನೋಡಬಹುದಲ್ಲ, ಈಗ ರೊಟ್ಟಿ ತಟ್ಟು ಬಾ’ ಎನ್ನುತ್ತದೆ ಮನೆ. ಯಾವಾಗ ಬೇಕಾದರೂ ಎಂಬುದು ಕೊನೆಗೆ ಎಂದೂ ಇಲ್ಲ ಎಂದಾಗುತ್ತದೆ. ಅದೇ ‘ಏಳು ಗಂಟೆಗೆ ಮೇಡಂ ಕ್ಲಾಸ್ ಇದೆ, ಹಾಜರಿ ತಗೊಳ್ತಾರೆ’ ಎಂದರೆ ಮನೆಯವರೂ ಒಪ್ಪುತ್ತಾರೆ, ಫೋನ್ ಕೈಗೆ ಕೊಡುತ್ತಾರೆ, ತಂಗಿಯನ್ನು ಒಲೆಗೆ ಕಳಿಸುತ್ತಾರೆ. ನಿಗದಿತ ವೇಳೆ ಎಂಬ ಕಟ್ಟುಪಾಡು ಇಲ್ಲಿ ಅವಳಿಗೆ ಒಂದು ಗಂಟೆಯನ್ನು ಗೆದ್ದುಕೊಡುತ್ತದೆ. ಆದ್ದರಿಂದ ಆಯ್ಕೆ ಎಂದಾಗ ಪರದೆಯ ಮೇಲಿನ ಗುಂಡಿಗಳನ್ನಷ್ಟೇ ಎಣಿಸಿದರೆ ಸಾಲದು. ಆ ಗುಂಡಿ ಒತ್ತುವ ಹೊತ್ತು ಯಾರ ಕೈಯಲ್ಲಿದೆ ಎಂದೂ ಕೇಳಬೇಕು. ವಾರದಲ್ಲಿ ಎರಡು ಸಂಜೆ ನೇರ ತರಗತಿ, ಉಳಿದದ್ದು ರೆಕಾರ್ಡ್ ಎಂಬ ಏರ್ಪಾಡು ನಮ್ಮ ಹೆಣ್ಣುಮಕ್ಕಳಿಗೆ ಎಷ್ಟೋ ಪಾಲು ಉಪಕಾರಿ.

ತಂತ್ರಜ್ಞಾನದಿಂದಲೇ ಈ ಭಾವನೆಗಳನ್ನು ಸರಿಪಡಿಸಬಹುದೇ ಎಂಬ ಪ್ರಯತ್ನಗಳೂ ನಡೆದಿವೆ. ರೆನೆ ಕಿಜಿಲ್ಸೆಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆ ‘ಈ ತರಗತಿ ನಿನ್ನದೂ ಹೌದು’ ಎಂಬ ಭಾವ ಮೂಡಿಸುವ ಚಿಕ್ಕ ಬರವಣಿಗೆಯ ಅಭ್ಯಾಸವನ್ನು ಕೋರ್ಸ್‌ನ ಆರಂಭದಲ್ಲಿ ಕೊಟ್ಟಾಗ ಅವರಲ್ಲಿ ಮುಗಿಸುವವರ ಸಂಖ್ಯೆ ಚೆನ್ನಾಗಿ ಏರಿತು. ಅನ್ಯನೆಂಬ ಭಾವ ಎಷ್ಟು ಜನರನ್ನು ಹೊರದೂಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದೇ ತಂಡ ಇಂಥ ಉಪಾಯಗಳನ್ನು ಸುಮಾರು 250 ಕೋರ್ಸ್‌ಗಳಲ್ಲಿ, ಎರಡೂವರೆ ಲಕ್ಷ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ 2020ರಲ್ಲಿ ವರದಿ ಕೊಟ್ಟಾಗ ಫಲ ತೆಳುವಾಗಿತ್ತು. ‘ಯಾವಾಗ, ಎಲ್ಲಿ ಓದುತ್ತೀರಿ ಎಂದು ಬರೆದುಕೊಳ್ಳಿ’ ಎಂಬ ಸೂಚನೆ ಮೊದಲ ಕೆಲವು ವಾರ ಸ್ವಲ್ಪ ಸಹಾಯ ಮಾಡಿ ಆಮೇಲೆ ಬಲ ಕಳೆದುಕೊಂಡಿತು. ಎಲ್ಲ ಊರಿಗೂ ಒಂದೇ ಮದ್ದಿಲ್ಲ ಎಂಬುದು ಅವರ ತೀರ್ಮಾನ. ನನಗೆ ಇದರಲ್ಲಿ ಕಾಣುವ ಪಾಠವೆಂದರೆ, ಎಲ್ಲರಿಗೂ ಒಟ್ಟಿಗೆ ಹೋಗುವ ಸಂದೇಶ ಊರು ಬಲ್ಲ, ಹೆಸರು ಬಲ್ಲ ಒಬ್ಬ ಮನುಷ್ಯನ ಕೆಲಸ ಮಾಡಲಾರದು.

ದೂರಶಿಕ್ಷಣದ ಹಳೆಯ ಸಂಸ್ಥೆಗಳಿಗೆ ಇದು ಗೊತ್ತಿತ್ತು. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಮೊದಲಿನಿಂದಲೂ ದೂರದ ವಿದ್ಯಾರ್ಥಿಗಳನ್ನು ಅವರವರ ಬೋಧಕರ ಕೈಗೆ ಒಪ್ಪಿಸುತ್ತಾ ಬಂದಿದೆ. ಅದೇ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅಂಚೆಯಲ್ಲಿ ಬಂದ ಪಾಠದ ಪುಸ್ತಕದ ಜೊತೆಗೆ ಸಂಪರ್ಕ ತರಗತಿಗಳಿದ್ದವು. ಶಿಕ್ಷಕಿಯರು, ಗುಮಾಸ್ತರು, ಮದುವೆಯ ನಂತರ ಓದು ಮುಂದುವರಿಸಿದ ಹೆಣ್ಣುಮಕ್ಕಳು ಅಲ್ಲಿ ಒಬ್ಬರನ್ನೊಬ್ಬರು ಕಂಡರು. ‘ನನ್ನಂತೆಯೇ ಕಷ್ಟಪಟ್ಟು ಓದುವವರು ಇನ್ನೂ ಇದ್ದಾರೆ’ ಎಂಬ ಧೈರ್ಯ ಆ ಕೆಲವು ದಿನಗಳಲ್ಲಿ ಸಿಗುತ್ತಿತ್ತು. ಆನ್‌ಲೈನ್ ಕಾಲಕ್ಕೆ ಬಂದಾಗ ಸಂಪರ್ಕವನ್ನು ಕೇವಲ ಇಂಟರ್‌ನೆಟ್ ಸಂಪರ್ಕ ಎಂದುಕೊಂಡದ್ದರಿಂದ ಆ ಧೈರ್ಯದ ಮೂಲ ಬತ್ತಿತು.

ಅದನ್ನು ಮತ್ತೆ ಹರಿಸಲು ದೊಡ್ಡ ಯೋಜನೆಗಳೇನೂ ಬೇಡ. ಮೊದಲನೆಯದಾಗಿ, ನೋಂದಣಿಗೆ ಮುಂಚೆ ಪ್ರತಿ ವಿಭಾಗದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮಟ್ಟಕ್ಕೆ ಒಗ್ಗುವ ನಾಲ್ಕೈದು ಕೋರ್ಸ್‌ಗಳನ್ನು ತಾವೇ ನೋಡಿ ಆರಿಸಿ, ಒಂದೊಂದರಿಂದ ಏನು ಪ್ರಯೋಜನ, ಏನು ಕಷ್ಟ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಕೊಡಲಿ. ಅವುಗಳಲ್ಲಿ ಯಾವುದು ಬೇಕೆಂಬುದು ವಿದ್ಯಾರ್ಥಿಯ ತೀರ್ಮಾನವಾಗಲಿ. ಎರಡನೆಯದಾಗಿ, ಒಂದೇ ಕೋರ್ಸ್ ಆರಿಸಿದ ನಾಲ್ಕೈದು ಮಂದಿ ವಾರಕ್ಕೊಮ್ಮೆ ಒಂದು ಕಡೆ ಕೂತು ವಿಡಿಯೊ ನೋಡಲಿ. ಕಾಲೇಜಿನ ಕೊಠಡಿ ಸಾಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅವೂ ಆಗಬಹುದು. ಒಬ್ಬನ ಗೊಂದಲ ಐವರದ್ದೂ ಹೌದೆಂದು ತಿಳಿದಾಗ ಸಂಕೋಚ ಅರ್ಧ ಕರಗುತ್ತದೆ. ಮೂರನೆಯದಾಗಿ, ಎರಡನೇ ವಾರದ ಕೊನೆಗೆ ಒಬ್ಬ ಅಧ್ಯಾಪಕರೋ ಹಿಂದಿನ ವರ್ಷ ಕೋರ್ಸ್ ಮುಗಿಸಿದ ಹಿರಿಯ ವಿದ್ಯಾರ್ಥಿಯೋ ಪ್ರತಿಯೊಬ್ಬರಿಗೂ ಫೋನ್ ಮಾಡಲಿ. ‘ಯಾಕೆ ನೋಡಿಲ್ಲ?’ ಎಂದು ಕೇಳಿದರೆ ನೆಟ್‌ವರ್ಕ್‌ನ ಉತ್ತರವೇ ಬರುತ್ತದೆ. ‘ಯಾವ ವಿಡಿಯೊದಲ್ಲಿ ನಿಂತಿದ್ದೀಯ? ಅಲ್ಲಿ ಏನು ತಿಳಿಯಲಿಲ್ಲ?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಬಿಡುವುದನ್ನೂ ನಾವು ಒಂದು ಗೌರವದ ಆಯ್ಕೆಯಾಗಿ ಒಪ್ಪಬೇಕು. ತನಗೆ ಬೇಕಾದ ಮೂರು ವಾರದ ಪಾಠ ಕಲಿತು, ಉಳಿದದ್ದು ಬೇಡವೆಂದು ತಿಳಿದು ನಿಲ್ಲಿಸಿದವನು ಸೋತವನಲ್ಲ. ಕೋರ್ಸ್ ತನ್ನ ದಾರಿಯದ್ದಲ್ಲ ಎಂದು ಎರಡನೇ ವಾರದಲ್ಲೇ ಕಂಡುಕೊಂಡು ಬೇರೆಯದಕ್ಕೆ ಹೋದವಳೂ ಸೋತವಳಲ್ಲ. ಕಾಲೇಜುಗಳು ಮುಗಿಸಿದವರ ಸಂಖ್ಯೆಯನ್ನಷ್ಟೇ ವರದಿ ಮಾಡುವುದನ್ನು ಬಿಟ್ಟು, ನಿಲ್ಲಿಸಿದವರು ಯಾಕೆ ನಿಲ್ಲಿಸಿದರು ಎಂದು ಬರೆದಿಡಲಿ. ನಾವು ಚಿಂತಿಸಬೇಕಾದ್ದು ಮುಗಿಸುವ ಮನಸ್ಸಿದ್ದೂ ನಾಚಿಕೆಯಿಂದ, ಒಂಟಿತನದಿಂದ, ತನ್ನ ಬುದ್ಧಿಯ ಮೇಲಿನ ಅಪನಂಬಿಕೆಯಿಂದ ಸದ್ದಿಲ್ಲದೆ ಜಾರಿಹೋದವರ ಬಗ್ಗೆ. ಅವರ ಸಂಖ್ಯೆಯೇ ಹೆಚ್ಚು ಎಂದು ನನ್ನ ಆತಂಕ.

ಮಕ್ಕಳಿಗಾಗಿ ಕೊಡೆ ಹಿಡಿದು ನಿಲ್ಲುವ, ಒಡವೆ ಅಡವಿಡುವ ಪೋಷಕರು ತಮ್ಮ ಪಾಲಿನದ್ದನ್ನು ಮಾಡಿದ್ದಾರೆ. ಟವರ್ ಏರಿಸುವುದು ಕಂಪನಿಗಳ ಕೆಲಸ, ವೇದಿಕೆ ಕಟ್ಟುವುದು ಸರ್ಕಾರದ ಕೆಲಸ, ಇವೂ ಸ್ವಲ್ಪ ಸ್ವಲ್ಪವಾಗಿ ಆಗುತ್ತಿವೆ. ಉಳಿದಿರುವುದು ಆರಿಸುವಾಗ ಪಕ್ಕದಲ್ಲಿ ಕೂರುವ, ಎಡವಿದಾಗ ಕೇಳುವ, ವಾರ ತಪ್ಪಿದಾಗ ‘ಇನ್ನೂ ಎಂಟು ಉಳಿದಿವೆ, ಬಾ’ ಎನ್ನುವ ಕೆಲಸ. ಅದಕ್ಕೆ ಅನುದಾನ ಬೇಡ, ಆದೇಶ ಬೇಡ. ಅರಸೀಕೆರೆ, ಬೇಲೂರು, ಹಳೇಬೀಡಿನ ಯಾವುದೇ ಕಾಲೇಜಿನ ಒಬ್ಬ ಅಧ್ಯಾಪಕರು ಮುಂದಿನ ತಂಡ ಸೇರುವ ದಿನದಿಂದಲೇ ಇದನ್ನು ಆರಂಭಿಸಬಹುದು. ಹಾಗೆ ಕೇಳುವವರು ಇದ್ದ ಕಡೆ ನಮ್ಮ ಮಕ್ಕಳು ಕೋರ್ಸ್ ಮುಗಿಸುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.